ಸಾಕಮ್ಮನ ‘ಕುಕೂ’, ನನ್ನ ‘ವುಯಿ’

ಹೆಂಡತಿ ಹೇಳುವುದನ್ನು ಗಂಡ ಕೇಳಿಸಿಕೊಳ್ಳುತ್ತಿದ್ದಾನೆಯೇ ಇಲ್ಲವೇ ಎಂಬ ಪ್ರಪಂಚದ ಹಳೆಯ ಸಮಸ್ಯೆಗೆ, ಮದ್ದೂರಿನ ನಮ್ಮ ಮನೆಯಲ್ಲಿ ನಾನು ಪರಿಹಾರ ಕಂಡುಹಿಡಿದೆ. ಯುದ್ಧದ ಕಾಲ. ಯಾವ ವರ್ಷವೆಂದು ಕೇಳಬೇಡಿ. ನನ್ನ ನೆನಪು ತನಗೆ ಅನುಕೂಲವಾದ ವರ್ಷವನ್ನು ಹೇಳುತ್ತದೆ.

ಸಾಕಮ್ಮ ನನ್ನ ಹೆಸರು ಹಿಡಿದು ಕರೆಯುವಂತಿರಲಿಲ್ಲ. ಬಳೆ ಸದ್ದು ಮಾಡುವಳು, ಲೋಟ ಕುಕ್ಕುವಳು. ನಾನು ಹೈಸ್ಕೂಲು ಮೇಷ್ಟರು. ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಪಾಂಡಿಚೇರಿಯಲ್ಲಿದ್ದು ಬಂದ ಗೆಳೆಯನೊಬ್ಬ, ಫ್ರೆಂಚರು ಸಲಿಗೆಯವರನ್ನು ‘ಕುಕೂ’ ಎಂದೋ ‘ಆಲೋ’ ಎಂದೋ ‘ಓಹೇ’ ಎಂದೋ ಕೂಗಿ, ಕಿವಿ ಇತ್ತ ಇದೆಯೇ ಎಂದು ನೋಡಿಕೊಳ್ಳುತ್ತಾರೆ ಅಂದ. ಹೆಸರೂ ಬೇಡ, ಲೋಟವೂ ಬೇಡ! ಅಂದೇ ಮನೆಯಲ್ಲಿ ಜಾರಿಗೆ ತಂದೆ. ಆಕೆ ‘ಕುಕೂ’ ಅನ್ನತಕ್ಕದ್ದು. ನಾನು ‘ವುಯಿ’, ಅಂದರೆ ‘ಹೌದು’, ಎಂದು ತಲೆಯಾಡಿಸತಕ್ಕದ್ದು.

“ಇದ್ಯಾವ ಸೀಮೆ ಕೂಗ್ರೀ? ಅಕ್ಕಪಕ್ಕದೋರು ನಗಾಕಿಲ್ವಾ?” ಅಂದಳು. ಆದರೂ ಕಲಿತಳು.

ಸ್ವಲ್ಪ ದಿನಗಳಲ್ಲೇ ವ್ಯವಸ್ಥೆ ಪರಿಪೂರ್ಣವಾಯಿತು. ಎಷ್ಟು ಪರಿಪೂರ್ಣವೆಂದರೆ, ‘ವುಯಿ’ ಅನ್ನಲು ನಾನು ಕೇಳಿಸಿಕೊಳ್ಳಬೇಕಾದ ಅಗತ್ಯವೇ ಉಳಿಯಲಿಲ್ಲ!

ಒಂದು ಬೆಳಿಗ್ಗೆ ಒಗ್ಗರಣೆಯ ವಾಸನೆಯ ಜೊತೆಗೆ ಸಾಕಮ್ಮ ಬಂದಳು. “ಎಲ್ರೀ ಅವ್ರು?”

“ಯಾರು?”

“ಯಾರಾ! ಗೌರೀನ ನೋಡಾಕೆ ಬೆಳಕವಾಡಿಯೋರು ಬತ್ತಾರೆ, ಬಸ್ಸಿನ ತಾವಿಂದ ಕರ್ಕೊಂಬನ್ನಿ ಅಂತ ಎಷ್ಟು ಸಲ ಯೋಳಿವ್ನಿ. ಯೋಳ್ದಾಗೆಲ್ಲ ಉಯ್ ಅಂದ್ರಲ್ಲ!”

ಗೌರಿ ನನ್ನ ನಾದಿನಿ, ತಂದೆಯಿಲ್ಲದ ಹುಡುಗಿ. ಹಿಂದೆ ಬಂದ ಸಂಬಂಧಗಳೆಲ್ಲ ತಪ್ಪಿ, ಇದಾದರೂ ಕೂಡಿಬರಲೆಂದು ಮನೆಯವರೆಲ್ಲ ಉಸಿರು ಬಿಗಿಹಿಡಿದಿದ್ದರು. ನನ್ನೊಬ್ಬನನ್ನು ಬಿಟ್ಟು. ನನಗೆ ಗೊತ್ತೇ ಇರಲಿಲ್ಲ.

ಓಡಿದೆ. ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುತ್ತಿದ್ದ, ಎಂದೂ ಹೊತ್ತಿಗೆ ಬಾರದ ಬಸ್ಸು ಅಂದೇ ಹೊತ್ತಿಗೆ ಬಂದು ಹೋಗಿತ್ತು. ಮರದಡಿ ಜರಿಪೇಟದ ಹಿರಿಯರೊಬ್ಬರು ತಮ್ಮವರೊಂದಿಗೆ ನಿಂತಿದ್ದರು. (ಜರಿಯೂ ಇಲ್ಲ, ಪೇಟವೂ ಇಲ್ಲ, ತಲೆಗೆ ಸುತ್ತಿದ ಬರೀ ವಲ್ಲಿ ಅನ್ನುತ್ತಾಳೆ ಸಾಕಮ್ಮ.) “ಮನೆಗೆ ದಯಮಾಡಿಸಬೇಕು, ಉಪ್ಪಿಟ್ಟು ಆರುತ್ತೆ” ಎಂದೆ. ತಿನ್ನಲು ಕರೆದವರನ್ನು ಯಾಕೆಂದು ಕೇಳುವುದು ನಮ್ಮ ಸೀಮೆಯಲ್ಲಿ ಮರ್ಯಾದೆಯಲ್ಲ. ಬಂದರು. ಚಾಪೆಯ ಮೇಲೆ ಕೂತು ಕೈಹಾಕಿದರು. ಅವರು ಮಂಡ್ಯದ ಬಸ್ಸಿಗೆ ಕಾಯುತ್ತಿದ್ದ ಬೆಲ್ಲದ ವ್ಯಾಪಾರಿಗಳೆಂದು ತಿಳಿದದ್ದು, ನಿಜವಾದ ಬೆಳಕವಾಡಿಯವರು ದಾರಿ ಕೇಳಿಕೊಂಡು ಬಂದು ಬಾಗಿಲಲ್ಲಿ ನಿಂತಾಗ!

ಗಂಡಿನ ತಂದೆ ತಟ್ಟೆಗಳನ್ನೇ ನೋಡಿದರು. ಹೆಣ್ಣು ನೋಡಲು ಒಂದೇ ದಿನ ಎರಡು ಕಡೆಯವರನ್ನು ಕರೆಸುವುದಕ್ಕಿಂತ ದೊಡ್ಡ ಅವಮಾನ ನಮ್ಮಲ್ಲಿಲ್ಲ. “ಏನ್ ಮೇಷ್ಟ್ರೇ, ಇವ್ರೂವೆ ಎಣ್ಣು ನೋಡಾಕೇ ಬಂದವ್ರಾ?” ಎಂದು ಕೇಳಿದರಂತೆ. ನಾನಾಗ ವ್ಯಾಪಾರಿಗಳನ್ನು ಎಬ್ಬಿಸಲು ಸಭ್ಯವಾದ ವಾಕ್ಯವೊಂದನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ನನ್ನ ಕಿವಿ ಅಲ್ಲಿಲ್ಲವೆಂದು ಸಾಕಮ್ಮನಿಗೆ ಮಾತ್ರ ಗೊತ್ತಾಯಿತು. ಬಾಗಿಲ ಮರೆಯಿಂದ ಕೂಗಿದಳು:

“ಕುಕೂ!”

“ವುಯಿ” ಎಂದು ತಲೆಯಾಡಿಸಿದೆ. ನಿಧಾನವಾಗಿ, ಸ್ಪಷ್ಟವಾಗಿ, ಗಂಡಿನ ತಂದೆಯ ಮುಖವನ್ನೇ ನೋಡುತ್ತ.

ಅವರು ಮೆಟ್ಟಿಲಿಳಿದು ಹೊರಟೇಬಿಟ್ಟರು.

ಇದು ಕತೆಯಾಗಿದ್ದರೆ ಆ ಬೆಲ್ಲದ ವ್ಯಾಪಾರಿಯ ಮಗನೇ ಗೌರಿಗೆ ಗಂಡನಾಗುತ್ತಿದ್ದ. ವ್ಯಾಪಾರಿಗಳು ಇನ್ನಷ್ಟು ಉಪ್ಪಿಟ್ಟು ಹಾಕಿಸಿಕೊಂಡು ಮಂಡ್ಯಕ್ಕೆ ಹೋದರು.

ತಂದೆಯ ಜೊತೆ ಬಂದಿದ್ದ ಬೆಳಕವಾಡಿಯ ಹುಡುಗನನ್ನು ಗೌರಿ ಕಿಟಕಿಯಿಂದ ನೋಡಿದ್ದಳಂತೆ. “ನಂಗೆ ಒಪ್ಪಿಗೆ ಆಗಿತ್ತು ಕಣ್ ಭಾವ” ಅಂದಳು. ಅಷ್ಟೇ. ಅಳಲೂ ಇಲ್ಲ. ಬೈದಿದ್ದರೆ ಮನೆಯಲ್ಲೇ ಕೂತಿರುತ್ತಿದ್ದೆ.

ಮಾರನೆಯ ದಿನ ಮಳವಳ್ಳಿ ದಾಟಿ ಬೆಳಕವಾಡಿಗೆ ಹೋದೆ. ಗಂಡಿನ ತಂದೆ ಜಗುಲಿಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದರು. ನಡೆದದ್ದನ್ನೆಲ್ಲ ಒಂದೂ ಬಿಡದೆ ಬಿನ್ನವಿಸಿಕೊಂಡೆ. ಪ್ರತಿ ಮಾತಿಗೂ ಅವರು “ಊಂ” ಅಂದರು. ನನ್ನ ಮಾತನ್ನು ಜನ್ಮದಲ್ಲಿ ಯಾರೂ ಇಷ್ಟು ಗಮನವಿಟ್ಟು ಕೇಳಿರಲಿಲ್ಲ! ಮುಗಿಸಿ, ಕೈಮುಗಿದು ನಿಂತೆ.

ಅವರು ಹಗ್ಗದಿಂದ ತಲೆ ಎತ್ತಿದರು.

“ಆಂ? ಏನಂದ್ರಿ ಮೇಷ್ಟ್ರೇ?”

ಸುಸ್ತಾಗಿತ್ತು. ಆದರೆ ಮನೆಗೆ ಹೋಗಿ ಗೌರಿಗೆ ಏನೆಂದು ಹೇಳಲಿ? ಪಕ್ಕದಲ್ಲೇ ಕೂತೆ. ಹಗ್ಗದ ಒಂದು ತುದಿ ಹಿಡಿದುಕೊಂಡು, ಮತ್ತೆ ಮೊದಲಿಂದ ಶುರುಮಾಡಿದೆ.

“ಊಂ” ಅಂದರು ಅವರು.