ಓದುವ ಯಂತ್ರಕ್ಕೆ ದ್ಯಾಮವ್ವನ ಖಣ

ಹನ್ನೊಂದು ವರ್ಷದ ಹಳೆಯ ಇ-ರೀಡರಿಗೆ ಕವರು ಹುಡುಕುವುದೂ ಒಂದೇ, ಹುಲಿಯ ಹಾಲು ತರುವುದೂ ಒಂದೇ ಎಂಬುದು ಹಾವೇರಿಯ ಮೂರು ಅಂಗಡಿ ಸುತ್ತಿದ ಮೇಲೆ ವಿಜಯಮಹಾಂತೇಶನಿಗೆ ಮನದಟ್ಟಾಯಿತು. ಮೂರನೆಯ ಅಂಗಡಿಯವನಂತೂ ಅದನ್ನು ತಿರುವಿ ನೋಡಿ, "ಇದು ಇನ್ನೂ ಜೀವಂತ ಐತೇನ್ರಿ ಸರ?" ಎಂದು ಕೇಳಿದ.

ಜೀವಂತ ಇತ್ತು. ಮನೆಯಲ್ಲಿ ಮಹಾಂತೇಶನಿಗೆ ಎದುರು ಮಾತಾಡದ ಜೀವ ಅದೊಂದೇ. ರಾಣೆಬೆನ್ನೂರಿನಿಂದ ಹಾವೇರಿಯ ಕಚೇರಿಗೆ ರೈಲಿನಲ್ಲಿ ಹೋಗಿಬರುವಾಗ ಅವನು ಅದರಲ್ಲಿ ಪತ್ತೇದಾರಿ ಕಾದಂಬರಿ ಓದುತ್ತಿದ್ದ. ಸೇಠಜಿಯ ಹಾಲಿಗೆ ವಿಷ ಹಾಕಿದವರು ಯಾರೆಂದು ತಿಳಿಯಲು ಇನ್ನು ಇಪ್ಪತ್ತೇ ಪುಟ. ಅಷ್ಟರಲ್ಲಿ ಬ್ಯಾಡಗಿಯಲ್ಲಿ ಹತ್ತಿದ ಭಾರಿ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಅದರ ಮೇಲೆಯೇ ವಿರಾಜಮಾನರಾಗಿ ಹಳೆಯ ಕವರಿಗೆ ಮೋಕ್ಷ ಕೊಟ್ಟರು. (ಯಂತ್ರ ಉಳಿದದ್ದು ಪೂರ್ವಜನ್ಮದ ಪುಣ್ಯ.)

ಭಾನುವಾರ ಮಹಾಂತೇಶ ಸಾಕ್ಷಾತ್ ವಿಶ್ವಕರ್ಮನಾದ. ಮದುವೆ ಕಾರ್ಡುಗಳ ದಪ್ಪ ರಟ್ಟು ಕತ್ತರಿಸಿದ, ಮೈದಾ ಹಿಟ್ಟಿನ ಅಂಟು ಕಾಯಿಸಿದ, ಹೆಂಡತಿಯ ಟ್ರಂಕಿನಿಂದ ಕುಪ್ಪಸದ ಒಂದು ಕೆಂಪು ಖಣ ಎತ್ತಿ ತಂದು ಮೇಲೆ ಹೊದಿಸಿದ. ಅರ್ಧ ಅಂಟು ಅವನ ಬನಿಯನ್ನಿಗೆ ಹತ್ತಿದರೂ ಕವರು ಲಕ್ಷಣವಾಗಿಯೇ ಬಂತು. ಆಗ ನಿರ್ಮಲಾ ಒಳಗೆ ಬಂದಳು.

"ರೀ, ಈ ಖಣ ಎಲ್ಲಿಂದ ತಗೊಂಡ್ರಿ?"

"ನಿನ್ನ ಟ್ರಂಕಿನ್ಯಾಗಿಂದ. ಸುಮ್ನ ಬಿದ್ದಿತ್ತು."

"ಸುಮ್ನ ಬಿದ್ದಿತ್ತಾ! ದ್ಯಾಮವ್ವಗ ಉಡಿ ತುಂಬಿದ ಖಣ ಅದು! ಪೂಜಾರಪ್ಪ ಪ್ರಸಾದ ಅಂತ ಕೊಟ್ಟಿದ್ದ!"

ಗದ್ದಲಕ್ಕೆ ಮಹಾಂತೇಶನ ತಾಯಿ ಸೋಮವ್ವ ಹೊರಗೆ ಬಂದಳು. ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡು, ದೇವರ ಜಗಲಿಯ ಮೇಲಿಟ್ಟು, ಕುಂಕುಮ ಏರಿಸಿದಳು.

"ಯವ್ವಾ, ಖಣ ಬಿಚ್ಚಿ ಕೊಡತೇನಿ."

"ದೇವಿ ಮೈಮ್ಯಾಗಿನ ಖಣ ಬಿಚ್ಚತೀ? ನಾಲಿಗಿ ಬಿದ್ದೀತು! ಇನ್ನ ಇದು ಆಕೀದು. ರೈಲಿನ್ಯಾಗ ಒಯ್ಯಂಗಿಲ್ಲ, ಮುಟ್ಟಂಗಿಲ್ಲ."

ಮೂರು ದಿನ ಅವನು ರೈಲಿನಲ್ಲಿ ಗರ ಬಡಿದವನಂತೆ ಕುಳಿತು ಹೋಗಿಬಂದ. ಕೊಲೆಗಾರ ಸೇಠಜಿಯ ತಮ್ಮನೇ ಇರಬೇಕೆಂದು ಒಮ್ಮೆ, ಇಲ್ಲ, ಗುಮಾಸ್ತನೆಂದು ಇನ್ನೊಮ್ಮೆ. ಊಟ ಸೇರಲಿಲ್ಲ. ಜಗಲಿಯ ಮುಂದೆ ನಿಂತಾಗಲೆಲ್ಲ ಅಳುವೇ ಬರುತ್ತಿತ್ತು. ನಾಲ್ಕನೆಯ ದಿನ ಗಟ್ಟಿ ಮನಸ್ಸು ಮಾಡಿ ಸುಳ್ಳು ಹೇಳಿದ.

"ಯವ್ವಾ, ಅದರಾಗ ಪುರಾಣ ಐತಿ. ಅರ್ಧಕ್ಕ ಬಿಡಬಾರದಂತ."

ಸೋಮವ್ವನ ಮುಖ ಅರಳಿತು. "ಅಯ್ಯ ನನ್ನಪ್ಪಾ, ಮೊದಲ ಹೇಳಬಾರದ? ಜಳಕಾ ಮಾಡ್ಕೊಂಡು ಬಾ. ಗಟ್ಟ್ಯಾಗಿ ಓದು, ಓಣಿ ಹೆಣ್ಮಕ್ಕಳೂ ಕೇಳಲಿ."

ಸಂಜೆ ಆರಕ್ಕೆ ಪಡಸಾಲೆಯಲ್ಲಿ ಹನ್ನೊಂದು ಮಂದಿ ಹೆಂಗಸರು ಕುಳಿತಿದ್ದರು. ವಿಭೂತಿ ಹಚ್ಚಿಕೊಂಡು ಮಣೆಯ ಮೇಲೆ ಕುಳಿತ ಮಹಾಂತೇಶ ಬೆವರುತ್ತಲೇ ಕೊಲೆ ಶುರುಮಾಡಿದ. ಸೇಠಜಿ ಧನಗುಪ್ತ ಮಹಾರಾಜನಾದ, ಇನ್ಸ್‌ಪೆಕ್ಟರ್ ದಂಡನಾಯಕನಾದ, ಫ್ಯಾಮಿಲಿ ಡಾಕ್ಟರು ರಾಜವೈದ್ಯರಾದರು. ಹಿಂದಿನ ಕಥೆಯನ್ನು ಚುಟುಕಾಗಿ ಹೇಳಿ, ಉಳಿದ ಇಪ್ಪತ್ತು ಪುಟಗಳಲ್ಲಿ ಎರಡು ಮುಗಿಸುವಷ್ಟರಲ್ಲಿ ಸೋಮವ್ವ ಆಕಳಿಸಿದಳು.

"ಯಾಕಿಷ್ಟು ಎಳೀತೀಯೋ ಮಾಂತೇಶಾ? ಕೊಂದಾವ ಆ ವೈದ್ಯನೇ."

"ಅದು... ನಿನಗ್ಹೆಂಗ ಗೊತ್ತು?"

"ನಾಡಿ ನೋಡಾಕ ಬಂದಾವ ಹಾಲಿನ ಲೋಟಾ ಯಾಕ ತೊಳದಿಟ್ಟ? ಎಲ್ಲ್ಯರ ಗಂಡಸರು ತಾವಾಗೇ ಲೋಟಾ ತೊಳೀತಾರ?"

ಹನ್ನೊಂದು ತಲೆಗಳೂ ಹೌದೆಂದು ಆಡಿದವು. ಮಹಾಂತೇಶ ಕೊನೆಯ ಪುಟಕ್ಕೆ ಹಾರಿದ. ಡಾಕ್ಟರು ಕೈಕೋಳ ತೊಟ್ಟು ನಿಂತಿದ್ದರು. ಮೂರು ವಾರ, ಇನ್ನೂರ ನಲವತ್ತು ಪುಟ ಅವನು ತಮ್ಮನ, ಗುಮಾಸ್ತನ ಬೆನ್ನು ಹತ್ತಿದ್ದ. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ನಿರ್ಮಲಾ ಆರತಿ ತಟ್ಟೆ ತಂದಳು. ಸೋಮವ್ವ ಯಂತ್ರಕ್ಕೆ ಬೆಳಗಿ, ಮಗನ ತಲೆ ಸವರಿ ಹೇಳಿದಳು:

"ನಾಳೆ ಇದೇ ಹೊತ್ತಿಗೆ ಬ್ಯಾರೇ ಪುರಾಣ ಹಚ್ಚಪ್ಪಾ. ಇದು ಭಾಳ ಸಸಾರ ಆತು, ಸ್ವಲ್ಪ ಕಠಿಣ ಇದ್ದದ್ದು ತಗಿ."