ಕಾಲುಚೀಲದಲ್ಲಿಟ್ಟ ಭವಿಷ್ಯ

ಪಿಟೀಲಿನ ಅಮ್ಮ ಅಡುಗೆಮನೆಯ ಕಟ್ಟೆಗೆ ಬೆನ್ನು ಕೊಟ್ಟು, ಹತ್ತರ ನಾಣ್ಯವೊಂದನ್ನು ಎತ್ತಿ ಹಿಡಿದು, ದಂಡಯಾತ್ರೆಗೆ ಹೊರಟ ಮಹಾರಾಣಿಯ ಗತ್ತಿನಲ್ಲಿ ಘೋಷಿಸಿದಳು:

"ಇನ್ಮೇಲೆ ಈ ಮನೆಯಿಂದ ಒಂದೇ ಒಂದು ಸ್ಮರಣಾರ್ಥ ನಾಣ್ಯ ಹೊರಗೆ ಹೋಗಲ್ಲ! ನಮ್ಮ ಮಗಳ ಕಾಲೇಜು ಫೀಸು ಇದರಲ್ಲೇ ಆಗತ್ತೆ. ಬರೆದಿಟ್ಕೊಳ್ಳಿ!"

ಪಿಟೀಲು ಎಂದರೆ ಅವಳ ಎರಡೂವರೆ ವರ್ಷದ ಮಗಳು. ಅಳಲು ಕೂತರೆ ಒಂದೇ ತಂತಿಯಲ್ಲಿ ಮುಕ್ಕಾಲು ಗಂಟೆ ನುಡಿಸಬಲ್ಲ ಪ್ರತಿಭೆಗೆ ಅಪ್ಪ ಕೊಟ್ಟ ಬಿರುದು ಅದು. ಅಪ್ಪನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಅವನು ಷರ್ಟಿನ ಗುಂಡಿ ಹಾಕಿಕೊಳ್ಳುತ್ತ ನಾಣ್ಯವನ್ನು ಬಗ್ಗಿ ನೋಡಿದ.

"ಏನಿದೆ ಅದರಲ್ಲಿ?"

"ಸೇತುವೆ! ನೂರು ವರ್ಷ ತುಂಬಿದ ನೆನಪಿಗೆ ಅಚ್ಚು ಹಾಕಿದ್ದು."

"ನೂರು ತುಂಬಿದ್ದು ಸೇತುವೆಗೆ ಕಣೇ. ನಾಣ್ಯಕ್ಕೆ ಇನ್ನೂ ಎರಡು. ಕೊಡಿಲ್ಲಿ, ಬಸ್ಸಿಗೆ ಚಿಲ್ಲರೆ ಬೇಕು."

"ಮಗಳ ಕಾಲೇಜು ಫೀಸಲ್ಲಿ ಬಸ್ಸು ಹತ್ತೋ ಅಪ್ಪನ್ನ ಇವತ್ತೇ ನೋಡಿದ್ದು!"

ಅಪ್ಪ ಅಂದು ನಡೆದೇ ಹೋದ.

ಹಾಲನ್ನು ಮೂರು ಸಲ ಮೂಸಿ, ನಾಲ್ಕನೆಯ ಸಲ ಗಂಡನಿಂದ ಮೂಸಿಸುವ ಹೆಣ್ಣುಮಗಳು ಯಾವ ಕೆಲಸವನ್ನೂ ಅರೆಬರೆ ಮಾಡುವವಳಲ್ಲ. ಇಂಥ ನಾಣ್ಯಗಳನ್ನು ಬರಿಗೈಯಲ್ಲಿ ಮುಟ್ಟಬಾರದು, ತೊಳೆಯಲಂತೂ ಕೂಡದು, ತೊಳೆದರೆ ಬೆಲೆ ಹೋಯಿತು ಎಂದು ಮೊಬೈಲಿನಲ್ಲಿ ಓದಿದಳು. ಅಂದಿನಿಂದ ಹುಬ್ಬು ತೀಡುವ ಚಿಮುಟ ನಾಣ್ಯಸೇವೆಗೆ ನೇಮಕವಾಯಿತು. ಡಬ್ಬಿಯಲ್ಲಿಟ್ಟರೆ ಸದ್ದು, ಸದ್ದಾದರೆ ಪಿಟೀಲು ಬರುತ್ತದೆ, ಬಂದರೆ ನುಂಗುತ್ತದೆ! ಕೊನೆಗೆ ಹೊಳೆದದ್ದು ಮಗಳಿಗೆ ಚಿಕ್ಕದಾದ ಕಾಲುಚೀಲಗಳು. ಮೆತ್ತಗೆ, ಗೀರು ಬೀಳುವುದಿಲ್ಲ, ಸದ್ದಿಲ್ಲ. ಸೇತುವೆಯ ನಾಣ್ಯ ಹಳದಿ ಚೀಲಕ್ಕೆ, ದೀಪಸ್ತಂಭದ್ದು ನೀಲಿಗೆ, ಆಮೆಯದು ಕೆಂಪಿಗೆ. ಒಂದೊಂದಕ್ಕೂ ಬಾಯಿಗೆ ಗಂಟು.

ಆದರೆ ಗಂಡನ ಜೇಬಿನ ಚಿಲ್ಲರೆಯನ್ನೇ ನಂಬಿ ಕೂತರೆ ಮಗಳು ಕಾಲೇಜು ಮುಗಿಸಿ ಮುದುಕಿಯಾದಾಳು. ಹಾಗಾಗಿ ಅವಳು ಹಾಲಿನವನ ಕಿವಿಯಲ್ಲಿ ಒಂದು ಮಾತು ಹಾಕಿದಳು. ಆಮೇಲೆ ಹಣ್ಣಿನವಳ ಕಿವಿಯಲ್ಲಿ, ಆಮೇಲೆ ಇಸ್ತ್ರಿಯವನ ಕಿವಿಯಲ್ಲಿ. ಇಂಥ ಹತ್ತರ ನಾಣ್ಯ ತಂದವರಿಗೆ ಹನ್ನೆರಡು! ಷರತ್ತು ಎರಡೇ. ಮಗು ಮಲಗಿರುತ್ತದೆ, ಬೆಲ್ ಒತ್ತದೆ ಬಾಗಿಲನ್ನು ಮೆಲ್ಲಗೆ ಎರಡು ಸಲ ತಟ್ಟಬೇಕು. ಮತ್ತು ಬೆಳಿಗ್ಗೆ ಹತ್ತರ ಮೇಲೆ ಬರಬೇಕು. ಹತ್ತರ ಮೇಲೆ ಏಕೆಂದು ಯಾರೂ ಕೇಳಲಿಲ್ಲ. ಗಂಡ ಕೆಲಸಕ್ಕೆ ಹೊರಡುವುದು ಒಂಬತ್ತೂವರೆಗೆ.

ಆರು ತಿಂಗಳಲ್ಲಿ ಇಪ್ಪತ್ತಮೂರು ಕಾಲುಚೀಲ ತುಂಬಿದವು. "ಇಷ್ಟೊಂದು ಎಲ್ಲಿಂದ ಬಂತು?" ಎಂದು ಗಂಡ ಕೇಳಿದಾಗ, "ಹುಡುಕೋ ಕಣ್ಣಿರಬೇಕು ರೀ" ಎಂದಳು. ಕನ್ನಡಕ ಮಾರುವವನ ಬಾಯಿ ಅಲ್ಲಿಗೆ ಮುಚ್ಚಿತು.

ಒಂದು ಶನಿವಾರ ಬೀರುವಿನ ಮೇಲಿನ ಹಲಗೆ ಭವಿಷ್ಯದ ಭಾರಕ್ಕೆ ಲಟಕ್ಕನೆ ಮುರಿಯಿತು. ಇನ್ನೊಂದು ಜಾಗ ಹುಡುಕುವವರೆಗೆ ಮಾತ್ರ ಎಂದು ಪಿಟೀಲಿನ ಅಮ್ಮ ಇಪ್ಪತ್ತಮೂರನ್ನೂ ಒಗೆಯುವ ಬಟ್ಟೆಯ ಬುಟ್ಟಿಯ ತಳಕ್ಕೆ ತುರುಕಿ, ಮೇಲೆ ಕೊಳೆಬಟ್ಟೆ ಹೊದಿಸಿದಳು. ಆ ಬುಟ್ಟಿಯನ್ನು ಮನೆಯಲ್ಲಿ ಅವಳ ಹೊರತು ಇನ್ನೊಂದು ಜೀವ ಮುಟ್ಟಿದ ದಾಖಲೆಯೇ ಇರಲಿಲ್ಲ.

ಭಾನುವಾರ ಮಗಳಿಗೆ ಲಸಿಕೆ ಹಾಕಿಸಲು ಹೊರಟವಳು ಬಾಗಿಲಲ್ಲಿ ನಿಂತು ಒಂದು ಮಾತು ಆಡಿಬಿಟ್ಟಳು: "ಮದುವೆಯಾಗಿ ಐದು ವರ್ಷ ಆಯ್ತು, ಒಂದು ದಿನ ಒಂದು ಬಟ್ಟೆ ಒಗೆದಿದ್ದೀರಾ?"

ಆ ಮಾತು ಗಂಡನಿಗೆ ನಾಟಿತು! ಐದು ವರ್ಷದಲ್ಲಿ ನಾಟದ್ದು ಅಂದೇ ನಾಟಬೇಕೆ!

ಲಸಿಕೆ ಹಾಕಿಸಿಕೊಂಡು, ಪಿಟೀಲಿನ ಪೂರ್ಣ ಪ್ರಮಾಣದ ಕಛೇರಿ ಕೇಳುತ್ತ ಮರಳಿದಾಗ, ಮೆಟ್ಟಿಲಲ್ಲಿ ಕೆಳಮನೆಯ ಅಜ್ಜಿ ಕಿವಿಗೆ ಹತ್ತಿ ಇಟ್ಟುಕೊಂಡು ನಿಂತಿದ್ದರು.

"ಏನಮ್ಮಾ, ಮೇಲೆ ರೈಲು ಬಿಡ್ತಿದ್ದೀರಾ? ನಮ್ಮ ಗೋಡೆ ಗಡಿಯಾರ ಕಳಚಿ ಮಂಚದ ಮೇಲೆ ಬಿತ್ತು!"

ಒಳಗೆ ಹೋದರೆ ಹಜಾರದಲ್ಲಿ ನೊರೆ. ಬಟ್ಟೆ ಒಗೆಯುವ ಮೆಷಿನ್ ತನ್ನ ಮೂಲೆಯಲ್ಲಿಲ್ಲ! ನಾನ್ನೂರು ಚಿಲ್ಲರೆ ನಾಣ್ಯ ಹೊಟ್ಟೆಗೆ ಹಾಕಿಕೊಂಡು ಕುಣಿಯುತ್ತ, ವೈರು ಎಳೆದಷ್ಟು ದೂರ ಪಾದಯಾತ್ರೆ ಮಾಡಿ, ಬಚ್ಚಲುಮನೆಯ ಬಾಗಿಲಿಗೆ ಒರಗಿ ಪ್ರಾಣ ಬಿಟ್ಟಿತ್ತು. ಒಳಗಿನಿಂದ ಕ್ಷೀಣ ಧ್ವನಿ:

"ಬಂದ್ಯಾ? ಒಂದು ಗಂಟೆಯಿಂದ ಕೂತಿದ್ದೀನಿ ಕಣೇ. ಗಡ್ಡ ಮಾಡ್ಕೊಳ್ಳೋಣ ಅಂತ ಬಂದೆ. ಮೆಷಿನ್ನು ಬಂದು ಬಾಗಿಲಿಗೆ ಅಡ್ಡ ನಿಂತ್ಬಿಡ್ತು!"

"ಬಟ್ಟೆ ನೀವು ಹಾಕಿದ್ರಾ? ಯಾವ ಬಟ್ಟೆ? ಕೆಳಗಿಂದಾನಾ?"

"ಬುಟ್ಟೀನೇ ಬೋರಲು ಹಾಕಿದೆ. ಭಾರ ಇತ್ತು. ನೆಂದಿದೆ ಅಂದ್ಕೊಂಡೆ."

"ಕಾಲುಚೀಲಕ್ಕೆ ಗಂಟು ಹಾಕಿತ್ತಲ್ಲ ರೀ! ನೋಡ್ಲಿಲ್ವಾ?"

"ನಿನ್ನ ಪದ್ಧತಿ ಇರಬೇಕು ಅಂದ್ಕೊಂಡೆ. ನಿನ್ನ ಎಲ್ಲಾ ಪದ್ಧತೀನೂ ಪ್ರಶ್ನೆ ಮಾಡ್ತಾ ಕೂತ್ರೆ ಸಂಸಾರ ನಡೆಯತ್ತಾ?"

ರಿಪೇರಿಯವನು ಬಂದು ಮೆಷಿನ್ ಸರಿಸಿ, ಮೊದಲು ಗಂಡನನ್ನೂ ಆಮೇಲೆ ನಾಣ್ಯಗಳನ್ನೂ ಹೊರತೆಗೆದ. ಗಂಟು ಬಿಚ್ಚಿಕೊಂಡು ಪಂಪಿನೊಳಗೆ ಮೂರು ಆಮೆ, ನೀರು ಹೋಗುವ ಪೈಪಿನಲ್ಲಿ ಒಂದು ದೀಪಸ್ತಂಭ. ಪಂಪು, ಬೆಲ್ಟು, ಬೇರಿಂಗು ಎಲ್ಲವೂ ಹೋಗಿವೆ ಎಂದು ಶೋಕ ಪ್ರಕಟಿಸಿ ಅವನು ಹೇಳಿದ ಮೊತ್ತಕ್ಕೆ ಪಿಟೀಲು ಕೂಡ ಅಳು ನಿಲ್ಲಿಸಿತು.

"ಆದ್ರೆ ಅಮ್ಮಾ, ನಾಣ್ಯ ಮಾತ್ರ ಫಳಫಳ ಅಂತಿವೆ ನೋಡಿ!"

ಅವನು ಅಷ್ಟು ಹೇಳಿದ್ದೇ ತಡ, ಪಿಟೀಲಿನ ಅಮ್ಮನ ಕಣ್ಣಲ್ಲಿ ಧಾರೆ.

"ತೊಳೆದರೆ ಬೆಲೆ ಹೋಗತ್ತೆ ಕಣ್ರೀ..."

"ಪ್ರಪಂಚದಲ್ಲಿ ತೊಳೆದ ಮೇಲೆ ಬೆಲೆ ಇಳಿಯೋ ವಸ್ತು ಇದೊಂದೇ ಇರಬೇಕು," ಎಂದ ಗಂಡ. ಆಮೇಲೆ ಸ್ವಲ್ಪ ಮೆತ್ತಗಾಗಿ, "ಸರಿ, ಪಂದ್ಯ ಕಟ್ಟೋಣ. ಹಳೇ ನಾಣ್ಯದ ವ್ಯಾಪಾರಿ ಹತ್ರ ಹೋಗೋಣ. ಹತ್ತಕ್ಕೆ ಹನ್ನೊಂದು ಕೊಟ್ರೂ ಸಾಕು, ಮೆಷಿನ್ ರಿಪೇರಿ ಆಗೋವರೆಗೂ ಬಟ್ಟೆ ನಂದು. ಕೊಡದಿದ್ರೆ ಬಟ್ಟೆ ನಿಂದು, ನಾಣ್ಯ ಪೂರ್ತಿ ರಿಪೇರಿಗೆ. ಇನ್ಮೇಲೆ ಕೂಡಿಡೋ ಮಾತೇ ಇಲ್ಲ," ಎಂದ.

"ಒಪ್ಪಿದೆ!" ಎಂದಳು. ಒಂದೊಂದಕ್ಕೂ ಹನ್ನೆರಡು ಸುರಿದವಳಿಗೆ ಹನ್ನೊಂದು ಬಂದರೂ ನಷ್ಟವೇ ಅಲ್ಲವೇ! ಆದರೆ ಅದನ್ನು ಗಂಡನಿಗೆ ಹೇಳುವುದು ಹೇಗೆ?

ವ್ಯಾಪಾರಿಯ ಅಂಗಡಿ ಯಾವುದೋ ಕಟ್ಟಡದ ಮೆಟ್ಟಿಲುಗಳ ಕೆಳಗಿನ ಗೂಡು. ಮುದುಕ ಕುತ್ತಿಗೆಗೆ ಭೂತಗನ್ನಡಿ ತೂಗುಹಾಕಿಕೊಂಡಿದ್ದ. ಸೇತುವೆಯನ್ನು ನೋಡಿದ, ಆಮೆಯನ್ನು ನೋಡಿದ, ಕೊನೆಗೆ ಪಿಟೀಲಿನ ಅಮ್ಮನನ್ನು ಕನಿಕರದಿಂದ ನೋಡಿದ.

"ಇವು ಕೋಟಿಗಟ್ಟಲೆ ಅಚ್ಚಾಗಿವೆ ತಾಯಿ. ನೀವು ತೆಗೆದಿಟ್ರಿ, ಪಕ್ಕದ ಮನೆಯವರೂ ತೆಗೆದಿಟ್ರು. ಎಲ್ಲಾರ ಮನೇಲೂ ಇರೋ ವಸ್ತು ಅಪರೂಪ ಹೇಗಾಗತ್ತೆ?"

"ಹಾಗಾದ್ರೆ ಬೆಲೆ?"

"ಹತ್ತರ ನಾಣ್ಯಕ್ಕೆ ಹತ್ತು."

"ತೊಳೀದೇ ಇದ್ದಿದ್ರೆ?"

"ಆಗ್ಲೂ ಹತ್ತೇ. ಸ್ವಲ್ಪ ಕೊಳೆಯಾದ ಹತ್ತು."

ಗಂಡ ಗೋಡೆಯ ಕಡೆ ತಿರುಗಿ ಕೆಮ್ಮಿದ. ಕೆಮ್ಮಿಗೆ ಭುಜಗಳು ಅಷ್ಟು ಕುಲುಕಬೇಕಾಗಿರಲಿಲ್ಲ.

ಅವಳ ಬಾಡಿದ ಮುಖ ನೋಡಿ ಮುದುಕನ ಕರುಳು ಚುರುಕ್ ಎಂದಿತೋ ಏನೋ. ಮುಂದಕ್ಕೆ ಬಾಗಿ ದನಿ ತಗ್ಗಿಸಿದ.

"ಚಿಕ್ಕ ಮಗು ಎತ್ಕೊಂಡು ಬಂದಿದ್ದೀರಿ ಅಂತ ಹೇಳ್ತೀನಿ, ಇನ್ಯಾರಿಗೂ ಹೇಳ್ಬೇಡಿ. ಇದೇ ಊರಲ್ಲಿ ಒಬ್ಬರು ಅಮ್ಮಾವ್ರು ಹತ್ತಕ್ಕೆ ಹನ್ನೆರಡು ಕೊಡ್ತಾರೆ! ನಮ್ಮ ಹಾಲಿನವನು ಹೇಳಿದ. ನಾನೂ ಒಂದು ಚೀಲ ತೆಗೆದಿಟ್ಟಿದ್ದೀನಿ."

ಗಂಡನ ಕೆಮ್ಮು ನಿಂತಿತು. "ಹೌದಾ! ಎಲ್ಲಿ ಯಜಮಾನ್ರೇ?"

"ನೀರಿನ ಟ್ಯಾಂಕಿನ ಹಿಂದಿನ ಬೀದಿ. ಹಳದಿ ಕಟ್ಟಡ, ಮೂರನೇ ಮಹಡಿ, ಬಾಗಿಲಿಗೆ ಆನೆ ಚಿತ್ರ ಅಂಟಿಸಿದೆಯಂತೆ."

"ನಮ್ಮನೆ ಆನೆ!" ಎಂದಿತು ಪಿಟೀಲು. ತಾಯಿ ಥಟ್ಟನೆ ಅದರ ಬಾಯಿಗೆ ಬಿಸ್ಕತ್ತು ಇಟ್ಟಳು.

"ಬೆಲ್ ಒತ್ಬೇಡಿ," ಎಂದ ಮುದುಕ, "ಮೆಲ್ಲಗೆ ಎರಡು ಸಲ ತಟ್ಟಬೇಕಂತೆ. ಹತ್ತು ಗಂಟೆ ಮೇಲೆ ಹೋಗಿ. ಅಷ್ಟರಲ್ಲಿ ಗಂಡ ಕೆಲಸಕ್ಕೆ ಹೋಗಿರ್ತಾನೆ."

"ಪಾಪ, ಅವನಿಗೆ ಗೊತ್ತಿಲ್ವಾ?" ಎಂದ ಗಂಡ.

"ಎಲ್ಲಿ! ಸಾಧು ಪ್ರಾಣಿಯಂತೆ."

ದಾರಿಯುದ್ದಕ್ಕೂ ಸಾಧು ಪ್ರಾಣಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು, ಅವಳೂ ನಾಲ್ಕು ಮಾತು ತಿರುಗಿಸಿ ಹಗುರಾಗುತ್ತಿದ್ದಳು. ಅವನು ಶಿಳ್ಳೆ ಹಾಕುತ್ತ ನಡೆದ! ಸೋಮವಾರ ಬೆಳಿಗ್ಗೆ, "ಇದನ್ನ ರಿಪೇರಿಯವನಿಗೆ ಕೊಟ್ಟು ಹೋಗ್ತೀನಿ" ಎಂದು ನಾಣ್ಯದ ಚೀಲ ಹೊತ್ತು ಒಂಬತ್ತೂವರೆಗೆ ಸರಿಯಾಗಿ ಹೊರಟ.

ಪಂದ್ಯ ಸೋತ ಮಹಾರಾಣಿ ಸೆರಗು ಸಿಕ್ಕಿಸಿ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು ವಾರದ ಬಟ್ಟೆಗೆ ಸೋಪು ತಿಕ್ಕತೊಡಗಿದಳು. ಹಳದಿ ಕಾಲುಚೀಲವೊಂದು ಕಡಿಮೆಯಿತ್ತು. ಎಲ್ಲಿ ಹೋಯಿತೆಂದು ಬಕೆಟ್ಟು ತಡಕುತ್ತಿದ್ದಾಗ ಬಾಗಿಲ ಮೇಲೆ ಸದ್ದಾಯಿತು.

ಮೆಲ್ಲಗೆ. ಎರಡು ಸಲ.

ಗಡಿಯಾರ ನೋಡಿದಳು. ಹತ್ತೂ ಐದು. ಇವತ್ತು ಎಲ್ಲರಿಗೂ ಖಡಾಖಂಡಿತ ಹೇಳಿಬಿಡಬೇಕು, ವ್ಯಾಪಾರ ಮುಚ್ಚಿತು ಅಂತ! ಕೈಯ ನೊರೆ ಒರೆಸಿಕೊಂಡು ಬಾಗಿಲು ತೆರೆದಳು.

ಗಂಡ ನಿಂತಿದ್ದ. ಉಬ್ಬಿದ ಹಳದಿ ಕಾಲುಚೀಲವನ್ನು ಎರಡೂ ಕೈಯಲ್ಲಿ ಹಿಡಿದು, ಅತಿ ವಿನಯದಿಂದ ತಲೆ ಬಾಗಿಸಿ ಕೇಳಿದ:

"ಅಮ್ಮಾವ್ರೇ, ಇಲ್ಲಿ ಹತ್ತಕ್ಕೆ ಹನ್ನೆರಡು ಕೊಡ್ತಾರಂತೆ, ಹೌದಾ? ಬೇಗ ಕೊಟ್ಬಿಡಿ. ನಿಮ್ಮ ಯಜಮಾನ್ರು ಬಂದ್ಬಿಟ್ಟಾರು!"