ನೀರಿನ ಫೋಟೋ ತೆಗೆಯಲು ಹೋಗಿ

ಚೆನ್ನೈಯಲ್ಲಿ ನೀರಿನ ಫೋಟೋ ತೆಗೆಯಲು ಹೊರಟ ನಾನು ಒಂದು ದಿನವೂ ಬರೀ ಫೋಟೋ ತೆಗೆದುಕೊಂಡು ಮನೆಗೆ ಬಂದವಳಲ್ಲ. ವಾರವೆಲ್ಲ ಆಫೀಸು; ಭಾನುವಾರ ಬಂತೆಂದರೆ ಕೊರಳಿಗೆ ಕ್ಯಾಮೆರಾ. ಈ ಊರಲ್ಲಿ ನೀರು ಬಂದರೂ ಸುದ್ದಿ, ಬರದಿದ್ದರೂ ಸುದ್ದಿ!

೧. ಎಲ್ಲಿಗೂ ಹೋಗದ ಸಮುದ್ರ

ತಿರುವೊಟ್ಟಿಯೂರಿನ ದಡದಲ್ಲಿ ಬೆಳ್ಳಂಬೆಳಗ್ಗೆ ಬಂಡೆಯ ಮೇಲೆ ಬೋರಲು ಮಲಗಿ ಅಲೆಗೆ ಕಾಯುತ್ತಿದ್ದೆ. ಅಬ್ಬಾ, ಎಂಥ ಬೆಳಕು! ಮೀನಿನ ಬುಟ್ಟಿ ಹೊತ್ತ ಅಜ್ಜಿಯೊಬ್ಬರು ಬಂದು, “ಏನಮ್ಮಾ, ಏನಾದರೂ ಬಿದ್ದುಹೋಯ್ತಾ?” ಎಂದು ತಮಿಳಲ್ಲಿ ಕೇಳಿದರು.

“ಇಲ್ಲ ಪಾಟಿ, ಸಮುದ್ರದ ಫೋಟೋ ತೆಗೀತಿದೀನಿ.”

ಅವರು ಬುಟ್ಟಿ ಇಳಿಸಿ, ಸೆರಗು ಸರಿಮಾಡಿಕೊಂಡು ನನ್ನೆದುರೇ ನಿಂತರು. “ಅದೆಲ್ಲಿಗೂ ಹೋಗಲ್ಲ. ನನಗೆ ಮಾರ್ಕೆಟ್ಟಿಗೆ ಹೊತ್ತಾಯ್ತು, ಮೊದಲು ನನ್ನ ತೆಗಿ!”

೨. ಕೈಗುಣ

ಪೆರುಂಗುಡಿಯ ಒಂದು ಬೀದಿ, ಕಡುಬೇಸಿಗೆ. ಮೂರು ದಿನದಿಂದ ಟ್ಯಾಂಕರ್ ಬಂದಿರಲಿಲ್ಲ. ಸಾಲಾಗಿ ಇಟ್ಟಿದ್ದ ಬಣ್ಣಬಣ್ಣದ ಖಾಲಿ ಕೊಡಗಳನ್ನು ಕಂಡು ಖುಷಿಯಲ್ಲಿ ಕ್ಲಿಕ್ಕಿಸುತ್ತಲೇ ಹೋದೆ. ಹತ್ತೇ ನಿಮಿಷಕ್ಕೆ ಟ್ಯಾಂಕರ್ ಬಂದುಬಿಡಬೇಕೆ! ಹೆಂಗಸರೆಲ್ಲ ನನ್ನನ್ನು ಮುತ್ತಿಕೊಂಡರು. ನಾನು ನೀರಿನ ಇಲಾಖೆಯ ಆಫೀಸರಲ್ಲ ಅಂದರೆ ಯಾರು ನಂಬುತ್ತಾರೆ? ಒಬ್ಬಾಕೆ ನಂಬರ್ ಇಸಕೊಂಡಳು.

ಮರುವಾರ ಮೀಟಿಂಗ್ ನಡುವೆಯೇ ಅವಳ ಫೋನು. “ಅಕ್ಕಾ, ಇವತ್ತೂ ನೀರಿಲ್ಲ. ಬಂದು ಒಂದೇ ಒಂದು ಫೋಟೋ ತೆಗೆದು ಹೋಗಿ!”

೩. ಎಡಕ್ಕೆ, ಎಡಕ್ಕೆ

ಎರಡು ದಿನ ಬಿಡದೆ ಸುರಿದ ಮಳೆಗೆ ಶೋಳಿಂಗನಲ್ಲೂರಿನ ನಮ್ಮ ಬೀದಿಯಲ್ಲಿ ಸೊಂಟದ ಮಟ್ಟ ನೀರು. ನಮ್ಮದು ಎರಡನೇ ಮಹಡಿ, ಭಯವಿಲ್ಲ. ಬೀದಿಯಲ್ಲಿ ರಕ್ಷಣಾ ದೋಣಿ ಬರುತ್ತಿದೆ ಅಂತ ಗೊತ್ತಾದದ್ದೇ ತಡ, ಕ್ಯಾಮೆರಾ ಹಿಡಿದು ಗೇಟಿಗೆ ಇಳಿದೆ. ಫೋಟೋದಲ್ಲಿ ದೋಣಿಗೆ ಕರೆಂಟ್ ಕಂಬ ಅಡ್ಡ ಬರುತ್ತಿತ್ತು. “ಎಡಕ್ಕೆ, ಎಡಕ್ಕೆ!” ಎಂದು ಎರಡೂ ಕೈ ಬೀಸಿದೆ.

ದೋಣಿ ನೆಟ್ಟಗೆ ನನ್ನ ಹತ್ತಿರವೇ ಬಂತು. “ಹೆದರಬೇಡಿ ಅಕ್ಕಾ” ಎಂದು ಇಬ್ಬರು ನನ್ನನ್ನು ಎತ್ತಿ ಒಳಗೆ ಕೂರಿಸಿದರು. ಗಾಬರಿಗೆ ಒಂದಕ್ಷರ ತಮಿಳೂ ಬಾಯಿಗೆ ಬರಲಿಲ್ಲ. “ಅಯ್ಯೋ, ನಮ್ಮನೆ ಇದೇ ಕಣ್ರೀ!” ಎಂದು ಕನ್ನಡದಲ್ಲೇ ಕೂಗಿದೆ.

ಅವರಿಗೆ ಅರ್ಥವಾದದ್ದು ‘ಮನೆ’ ಒಂದೇ. “ಮನೆ ಬಗ್ಗೆ ಯೋಚನೆ ಬೇಡ ಅಕ್ಕಾ, ಜೀವ ದೊಡ್ಡದು.”

ಬಾಲ್ಕನಿಯಲ್ಲಿ ನಿಂತಿದ್ದ ಅತ್ತೆ, ನಾನೇನೋ ಸವಾರಿ ಹೊರಟೆನೆಂದು ಟಾಟಾ ಮಾಡಿದರು.

ಶಾಲೆಯೊಂದರಲ್ಲಿ ಇಳಿಸಿ, ಕೈಗೆ ಪುಳಿಯೋಗರೆ ಪೊಟ್ಟಣ ಕೊಟ್ಟರು. ಯಾರೋ ಫೋಟೋ ತೆಗೆದರು. ಮರುದಿನ ನೀರಿಳಿದು ಮನೆಗೆ ಬಂದರೆ, ಅದು ತಮಿಳು ಪೇಪರಿನಲ್ಲಿ! ನನ್ನ ಗಂಡ ಕೆಳಗಿನ ಸಾಲನ್ನು ಓದಿ ಹೇಳಿದರು: “ಪ್ರವಾಹದಲ್ಲಿ ಸರ್ವಸ್ವವನ್ನೂ ಕಳೆದುಕೊಂಡ ಮಹಿಳೆ.”

ಅತ್ತೆ ಕನ್ನಡಕ ಏರಿಸಿ ಒಮ್ಮೆ ಪೇಪರನ್ನು, ಒಮ್ಮೆ ಮಗನನ್ನು ನೋಡಿದರು. “ಸರ್ವಸ್ವಾನೂ ಹೋಯ್ತಂತಾ? ಹಾಗಾದ್ರೆ ನಾವಿಬ್ರು ಯಾರೋ?”